ಆಕಾಶ ಶುಚಿ ಮಾಡುವುದು

ಫೆಬ್ರವರಿಯ ರಾವುಸು. ಬೆಳಗಿನ ನಾಲ್ಕೂವರೆ.
ದೋಣಿಯ ಹಗ್ಗದ ಮೇಲೆ ಉಪ್ಪು ಹೆಪ್ಪುಗಟ್ಟಿದೆ.
ನನ್ನ ಕೆಲಸ ಇಷ್ಟೇ: ಬಕೆಟ್ಟಿನಿಂದ ಮೀನು ತೆಗೆದು
ತೇಲುವ ಮಂಜುಗಡ್ಡೆಯ ಮೇಲೆ ಎಸೆಯುವುದು.
ಕಡಲಹದ್ದು ಬರುತ್ತದೆ.
ಹನ್ನೆರಡು ಕ್ಯಾಮೆರಾ ಒಟ್ಟಿಗೆ ಕೆಮ್ಮುತ್ತವೆ.

ಹಿರಾನುಮಾ ಒಸಾಕಾದವರು, ಹಲ್ಲಿನ ಡಾಕ್ಟರು.
ಆರುನೂರರ ಲೆನ್ಸನ್ನು ಎಳೆಗೂಸಿನ ಹಾಗೆ
ಟವೆಲಿನಲ್ಲಿ ಸುತ್ತಿ ಎದೆಗವಚಿ ತರುತ್ತಾರೆ.
ಒಮ್ಮೆ ಇಣುಕಲು ಕೊಟ್ಟರು.
ಹದ್ದಿರಲಿಲ್ಲ ಅದರಲ್ಲಿ.
ಒಂದು ಕಣ್ಣು, ಕೊಕ್ಕಿನ ಬುಡದ ಹಳದಿ,
ಆ ಹಳದಿಗೆ ಅಂಟಿದ ಒಂದೇ ಒಂದು ಹುರುಪೆ.

ಒಗಿಸೊ ಬಾಯಿಯದು ನಾನೂರರದು.
ಶಾಲೆಯ ಬಸ್ಸು ಓಡಿಸುವ ಕೈ, ಅಲುಗಾಡುವುದಿಲ್ಲ.
ಅದಕ್ಕೆ ಎರಡೂ ರೆಕ್ಕೆ ಸಿಗುತ್ತವೆ,
ಹೆಗಲ ಬಿಳುಪು, ಚಾಚಿದ ಉಗುರು,
ಉಗುರಿಗೂ ಮೀನಿಗೂ ನಡುವಿನ ಗೇಣು ಗಾಳಿ.

ಮತ್ತೆ ಆ ಹುಡುಗಿ ತ್ಸುಮುಗಿ,
ಹಲಗೆಯ ಮೇಲೆ ಅಂಗಾತ ಮಲಗಿ
ಎರವಲು ತಂದ ಅಗಲದ ಲೆನ್ಸಿನಲ್ಲಿ ತೆಗೆಯುತ್ತಾಳೆ.
ಹದ್ದು ನೊಣದಷ್ಟು. ಉಳಿದದ್ದೆಲ್ಲ ಇದೆ:
ಬಕೆಟ್ಟು, ಹಗ್ಗ, ಜಗಳಗಂಟಿ ಕಡಲಕಾಗೆಗಳು,
ಸೀನುತ್ತಿರುವ ಡಾಕ್ಟರು, ನನ್ನ ಬೂಟು.
ಅವಳ ಚಿತ್ರ ನೋಡಿ ಯಾರೂ ಆಹಾ ಅನ್ನುವುದಿಲ್ಲ.

ಸಂಜೆ ನಮ್ಮ ವಸತಿಮನೆಯಲ್ಲಿ ಸೀಮೆಎಣ್ಣೆ ಒಲೆಯ ಸುತ್ತ
ಲ್ಯಾಪ್‌ಟಾಪುಗಳು ತೆರೆದುಕೊಳ್ಳುತ್ತವೆ.
ಡಾಕ್ಟರು ಕಪ್ಪು ಗರಿಯೊಳಗಿನ ಕತ್ತಲನ್ನು
ಒಂಚೂರು ಮೇಲೆತ್ತುತ್ತಾರೆ, ಗರಿ ಗರಿಯೂ ಬಿಡಿಯಾಗುತ್ತದೆ.
ಮಂಜಿನ ನೀಲಿಯನ್ನು ಹಿಂಡಿ ತೆಗೆಯುತ್ತಾರೆ.
ಕೊಕ್ಕಿಗೆ ಇನ್ನಷ್ಟು ಹಳದಿ.
ಮೂಲೆಯ ಕಾಗೆಯ ತಲೆ, ಹೋಯಿತು.
ಹಗ್ಗ, ಹೋಯಿತು.
ಒಂದು ಕೆಂಪು ಕೈಗವಸು ಅಂಚಿನಲ್ಲಿ, ಮಸುಕಾಗಿ.
'ಬೇಸರ ಮಾಡ್ಕೋಬೇಡಪ್ಪ' ಎಂದರು.
ನಕ್ಕೆ. ದಿನಗೂಲಿ ಬಂದ ಕೈ ತಾನೆ, ಹೋಗಲಿ.

'ಈ ದಿಬ್ಬ ಒಂದು ಕಾಟ' ಎಂದರು ಆಮೇಲೆ,
ರೆಕ್ಕೆಯ ಹಿಂದೆ ಬಾನಂಚಿಗೆ ಒರಗಿದ್ದ ನೀಲಿಗೆ.
ಕುಂಚದ ಮೂರು ಎಳೆತ.
ನೋವಾಗದ ಹಾಗೆ ಹಲ್ಲು ಕೀಳುವ ಕೈ ಅದು,
ಕಿತ್ತ ಜಾಗದಲ್ಲಿ ರಕ್ತವಿಲ್ಲ, ಗುಳಿಯಿಲ್ಲ,
ಆಕಾಶ ಆಕಾಶಕ್ಕೆ ಕೂಡಿಕೊಂಡಿತು.

ಕುನಾಶಿರಿ ಅದರ ಹೆಸರು.

ಅಜ್ಜಿ ಫುಸಾಯೊ ಅಲ್ಲಿ ಹುಟ್ಟಿದವಳು.
ಯುದ್ಧ ಮುಗಿದು ಧ್ವಜ ಬದಲಾದ ಮೇಲೆ
ಒಂಬತ್ತರ ಹುಡುಗಿಯನ್ನು ಹಡಗಿನ ಹೊಟ್ಟೆಗೆ ತುಂಬಿ
ಎಲ್ಲೆಲ್ಲೋ ಸುತ್ತಿಸಿ ಈಚೆ ದಡಕ್ಕೆ ಇಳಿಸಿದರು.
ಒಂದು ಸಲ, ಮುಪ್ಪಿನಲ್ಲಿ, ಗೋರಿ ನೋಡಲು ಬಿಟ್ಟಿದ್ದರು,
ಎರಡು ಗಂಟೆ. ಹುಲ್ಲು ಕಿತ್ತು ಮುಗಿಯಲಿಲ್ಲ ಎನ್ನುತ್ತಾಳೆ.

ಕಿತ್ತಳೆ ಸುಲಿಯುತ್ತ ಬಂದು, ಕನ್ನಡಕ ಏರಿಸಿ,
ಪರದೆಯ ಹತ್ತಿರ ಮುಖ ತಂದಳು.
'ಹಕ್ಕಿ ಚೆನ್ನಾಗಿದೆ.
ಯಾಕೆ, ಇವತ್ತು ಮೋಡ ಇತ್ತೇ?'
'ಇಲ್ಲವಲ್ಲ ಅಜ್ಜಿ, ತಿಳಿ ಆಕಾಶ' ಎಂದರು ಡಾಕ್ಟರು.
ಅವಳು ಕಿಟಕಿಯ ಪರದೆ ಸರಿಸಿ ನೋಡಿದಳು.
ರಾತ್ರಿಯಾಗಿತ್ತು.
ಒಂದು ತೊಳೆ ಅವರ ಕೈಗೂ ಹಾಕಿ ಒಳಗೆ ಹೋದಳು.

ಇವತ್ತು ಮತ್ತೆ ನಾಲ್ಕೂವರೆ. ಮೈನಸ್ ಹದಿನೆಂಟು.
ಹದ್ದು ಎಲ್ಲಿ ಎರಗಬೇಕೆಂದು
ಹದ್ದಿಗೂ ಗೊತ್ತಿಲ್ಲ, ಲೆನ್ಸಿಗೂ ಗೊತ್ತಿಲ್ಲ,
ನನ್ನ ತೋಳಿಗೆ ಗೊತ್ತು.
ಎಸೆದೆ, ಮೂಡಲಿಗೆ, ಉದ್ದಕ್ಕೆ.
ರೆಕ್ಕೆ ಬಿಚ್ಚಿ ಬಂತು. ತುದಿಯ ಗರಿಗಳು
ಬೆರಳಿನ ಹಾಗೆ ಅಗಲಗಲ,
ಬೆರಳ ಸಂದಿ ಸಂದಿಯಲ್ಲೂ ಆ ಬೆಟ್ಟದ ನೀಲಿ.
ಅದನ್ನು ಒರೆಸಹೋದರೆ ಗರಿ ಕಿತ್ತು ಬರುತ್ತದೆ.

'ಎಡಕ್ಕೆ ಎಸಿ, ಇನ್ನೂ ಎಡಕ್ಕೆ' ಎಂದು ಡಾಕ್ಟರು ಕೂಗಿದರು.
ಗಾಳಿ ಸರಿಯಿಲ್ಲ ಎಂದೆ.
ಗಾಳಿಯೇ ಇರಲಿಲ್ಲ.
ತ್ಸುಮುಗಿ ಮಲಗಿದಲ್ಲಿಂದಲೇ ನನ್ನತ್ತ ನೋಡಿದಳು,
ಇನ್ನೊಂದು ಮೀನು ತೆಗೆದೆ.